ವಾಟರ್ ಕೂಲಿಂಗ್‌ಗೆ ಯಾವ ಕಂಟ್ರೋಲರ್, ಎಷ್ಟು ಸೆನ್ಸರ್?

ಪ್ರಶ್ನೆ: ನಾನೇ ಜೋಡಿಸಿದ ವಾಟರ್ ಕೂಲ್ಡ್ ಕಂಪ್ಯೂಟರ್ ಇದೆ. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ವಾಟರ್ ಬ್ಲಾಕ್ (ಚಿಪ್ಪಿನ ಶಾಖವನ್ನು ನೀರಿಗೆ ದಾಟಿಸುವ ಲೋಹದ ತುಂಡು), ನೀರು ತಣಿಸಲು 360 ಮಿ.ಮೀ.ನ ಎರಡು ರೇಡಿಯೇಟರ್, ಡಿ5 ಮಾದರಿಯ ಒಂದು ಪಂಪು. ರೇಡಿಯೇಟರಿಗೆ ಆರು ಫ್ಯಾನು, ಕ್ಯಾಬಿನೆಟ್ಟಿಗೆ ಇನ್ನೂ ಮೂರು. ಎಲ್ಲವನ್ನೂ ಮದರ್‌ಬೋರ್ಡಿಗೇ ಸಿಕ್ಕಿಸಿದ್ದೇನೆ. ಬ್ರೌಸರ್ ತೆರೆದರೂ ಸಾಕು, ಫ್ಯಾನು ಒಮ್ಮೆ ಭರ್ರೆಂದು ಏರಿ ಇಳಿಯುತ್ತದೆ. ಫ್ಯಾನಿನ ವೇಗ ನಿಭಾಯಿಸುವ ಒಳ್ಳೆಯ ಕಂಟ್ರೋಲರ್ ಪೆಟ್ಟಿಗೆ ಕೊಂಡರೆ ಇದು ಸರಿಹೋಗುತ್ತದಾ? ಯಾವುದು ಕೊಳ್ಳಲಿ? ಎಷ್ಟು ಸೆನ್ಸರ್ ಬೇಕು?

ಉತ್ತರ: ಕಂಟ್ರೋಲರ್ ಮಾತು ಆಮೇಲೆ. ನಿಮ್ಮ ಫ್ಯಾನುಗಳು ಭರ್ರೆನ್ನುವುದಕ್ಕೆ ಕಾರಣ ಮದರ್‌ಬೋರ್ಡ್ ಕಳಪೆ ಅಂತಲ್ಲ. ಅವು ಯಾರ ಮಾತು ಕೇಳಬಾರದೋ ಅವರ ಮಾತು ಕೇಳುತ್ತಿವೆ, ಅಷ್ಟೇ.

ಪ್ರೊಸೆಸರ್ ಒಳಗಿನ ಸೆನ್ಸರ್ ಇಲಿ ಬಂದರೆ ಹುಲಿ ಬಂತು ಎಂದು ಕೂಗುವ ಜಾತಿಯದು. ಒಂದು ಟ್ಯಾಬ್ ತೆರೆದರೆ ಒಂದು ಕೋರ್ ಕ್ಷಣಕಾಲ ಪೂರ್ತಿ ವೇಗದಲ್ಲಿ ಓಡುತ್ತದೆ, ತಾಪ ಕಣ್ಣು ಮಿಟುಕಿಸುವಷ್ಟರಲ್ಲಿ 15-20 ಡಿಗ್ರಿ ಜಿಗಿಯುತ್ತದೆ, ಮರುಕ್ಷಣ ಇಳಿಯುತ್ತದೆ. ಆ ಜಿಗಿತಕ್ಕೆ ನಿಮ್ಮ ಫ್ಯಾನು ಏನೂ ಮಾಡಲಾರದು. ರೇಡಿಯೇಟರಿನ ಫ್ಯಾನು ತಣಿಸುವುದು ನೀರನ್ನು, ಚಿಪ್ಪನ್ನಲ್ಲ. ಚಿಪ್ಪಿನಿಂದ ಬ್ಲಾಕಿಗೆ ಶಾಖ ದಾಟುವ ಹಾದಿಯಲ್ಲಿ ಥರ್ಮಲ್ ಪೇಸ್ಟು, ಲೋಹದ ಮುಚ್ಚಳ ಎಲ್ಲ ಇವೆ. ಜಿಗಿತ ಹುಟ್ಟುವುದು ಅಲ್ಲಿ. ಅದು ಫ್ಯಾನಿನ ಕೈಗೆ ಸಿಗುವುದೇ ಇಲ್ಲ.

ನೀರಿನ ಸ್ವಭಾವ ಬೇರೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4,186 ಜೂಲ್ ಶಾಖ ಬೇಕು. ನಿಮ್ಮ ಲೂಪಿನಲ್ಲಿ, ಅಂದರೆ ನೀರು ಸುತ್ತುವ ಹಾದಿಯಲ್ಲಿ, ಒಂದು ಲೀಟರ್ ನೀರಿದೆ, ಆಟ ಆಡುವಾಗ 400 ವ್ಯಾಟ್ ಶಾಖ ಅದಕ್ಕೆ ಸೇರುತ್ತದೆ ಅಂದುಕೊಳ್ಳಿ. ಫ್ಯಾನುಗಳೆಲ್ಲ ನಿಂತೇ ಇದ್ದರೂ ನೀರು ಒಂದು ಡಿಗ್ರಿ ಏರಲು ಹತ್ತು ಸೆಕೆಂಡು ಬೇಕು. ಫ್ಯಾನು ತಿರುಗುತ್ತಿದ್ದರೆ ಇನ್ನೂ ಜಾಸ್ತಿ. ಬ್ರೌಸರ್ ತೆರೆದದ್ದು ನೀರಿಗೆ ಗೊತ್ತೂ ಆಗುವುದಿಲ್ಲ. ಫ್ಯಾನಿನ ವೇಗವನ್ನು ನೀರಿನ ತಾಪಕ್ಕೆ ಕಟ್ಟಿ, ಭರ್ರೆನ್ನುವುದು ಅಂದೇ ನಿಲ್ಲುತ್ತದೆ. ದುಬಾರಿ ಕಂಟ್ರೋಲರ್ ತಂದು ಅದನ್ನೂ ಪ್ರೊಸೆಸರ್ ತಾಪಕ್ಕೇ ಕಟ್ಟಿದರೆ ಮತ್ತದೇ ಕಥೆ.

ಹಾಗಾಗಿ ನೀವು ಮೊದಲು ಕೊಳ್ಳಬೇಕಾದದ್ದು ನೀರಿನ ತಾಪ ಅಳೆಯುವ ಒಂದು ಸೆನ್ಸರ್. ಇದು ಬಹಳ ಸರಳ ವಸ್ತು. ಜಿ 1/4 ಅಳತೆಯ ಥ್ರೆಡ್ಡಿನ ಲೋಹದ ಬಿರಡೆ, ಅದರ ಹೊಟ್ಟೆಯಲ್ಲಿ ತಾಪಕ್ಕೆ ತಕ್ಕಂತೆ ರೋಧ ಬದಲಿಸುವ ಒಂದು ಥರ್ಮಿಸ್ಟರ್, ಹೊರಗೆ ಎರಡು ವೈರು. ನಮ್ಮ ಲೋಕದಲ್ಲಿ ಹೆಚ್ಚುಕಡಿಮೆ ಎಲ್ಲವೂ 10ಕೆ ಎನ್‌ಟಿಸಿ, ಅಂದರೆ 25 ಡಿಗ್ರಿಯಲ್ಲಿ 10 ಸಾವಿರ ಓಮ್, ಬಿಸಿಯಾದಂತೆ ಕಡಿಮೆ. ಎರಡು ವೈರಿನಲ್ಲಿ ಯಾವುದು ಯಾವ ಕಡೆ ಅನ್ನುವ ಗೊಂದಲ ಇಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ.

ಗೊಂದಲ ಇರುವುದು ಇನ್ನೊಂದು ಕಡೆ. 10ಕೆ ಅಂತ ಬರೆದಿದ್ದರೂ ಎಲ್ಲ ಥರ್ಮಿಸ್ಟರುಗಳು ಒಂದೇ ಥರ ಇಳಿಯುವುದಿಲ್ಲ. ಇಳಿಯುವ ಬಗೆಯನ್ನು ಬೀಟಾ ಮೌಲ್ಯ ಎನ್ನುತ್ತಾರೆ. 3435 ಇರುತ್ತದೆ, 3950 ಇರುತ್ತದೆ. ನಿಮ್ಮ ಸೆನ್ಸರ್ 3950ರದ್ದು, ಬೋರ್ಡು 3435 ಎಂದುಕೊಂಡು ಓದುತ್ತಿದೆ ಎನ್ನೋಣ. ನೀರು 40 ಡಿಗ್ರಿ ಇದ್ದಾಗ ಸೆನ್ಸರಿನ ರೋಧ ಸುಮಾರು 5,300 ಓಮ್. ಬೋರ್ಡು ಅದನ್ನು 42.4 ಡಿಗ್ರಿ ಎಂದು ತೋರಿಸುತ್ತದೆ. 25ರ ಹತ್ತಿರ ಎರಡೂ ಸರಿಹೊಂದುತ್ತವೆ, ಬಿಸಿಯಾದಂತೆ ಸುಳ್ಳು ಬೆಳೆಯುತ್ತದೆ. ಫ್ಯಾನ್ ಓಡಿಸಲು ಇದರಿಂದ ನಷ್ಟವೇನಿಲ್ಲ, ಕರ್ವನ್ನು (ಇಷ್ಟು ತಾಪಕ್ಕೆ ಇಷ್ಟು ವೇಗ ಎಂದು ಬರೆದಿಡುವ ಲೆಕ್ಕ) ಎರಡು ಡಿಗ್ರಿ ಸರಿಸಿದರೆ ಆಯಿತು. ಆದರೆ ಎರಡು ಬೇರೆ ಕಂಪನಿಯ ಸೆನ್ಸರ್ ಹಾಕಿ ಅವುಗಳ ನಡುವಿನ ವ್ಯತ್ಯಾಸ ನೋಡಲು ಹೊರಟರೆ ಕೆಟ್ಟಿರಿ.

ಅದಕ್ಕೇ ಲೂಪಿಗೆ ಹಾಕುವ ಮೊದಲು ನಾನು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಎರಡು ಲೋಟ ನೀರು: ಒಂದು ಕೋಣೆಯ ತಾಪದ್ದು, ಇನ್ನೊಂದು 40 ಡಿಗ್ರಿಯ ಆಸುಪಾಸಿನದ್ದು. ಇರುವ ಸೆನ್ಸರುಗಳನ್ನೆಲ್ಲ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಲೋಹದ ತುದಿ ಮಾತ್ರ ಮುಳುಗುವಂತೆ ಇಳಿಬಿಡುತ್ತೇನೆ. ವೈರು ಹೊರಬರುವ ಹಿಂಭಾಗ ಒದ್ದೆಯಾಗಬಾರದು. ಪಕ್ಕದಲ್ಲಿ ಒಂದು ಥರ್ಮಾಮೀಟರ್. ನೀರನ್ನು ಕಲಕುತ್ತಾ ಐದು ನಿಮಿಷ ಬಿಟ್ಟು ಓದಿ ಬರೆದಿಟ್ಟುಕೊಳ್ಳುತ್ತೇನೆ. ಒಂದೇ ಲೋಟದಲ್ಲಿ ಕೂತ ಎರಡು ಸೆನ್ಸರ್ ಒಂದು ಡಿಗ್ರಿ ಬೇರೆ ಬೇರೆ ಹೇಳುವುದು ಹೊಸದೇನಲ್ಲ. ಆ ವ್ಯತ್ಯಾಸವನ್ನು ಆಫ್‌ಸೆಟ್ ಎಂದು ಸಾಫ್ಟ್‌ವೇರಿನಲ್ಲಿ ತುಂಬಿಬಿಟ್ಟರೆ ಮುಗಿಯಿತು. ಎರಡು ಲೋಟದಲ್ಲೂ ತಪ್ಪು ಒಂದೇ ಆಗಿದ್ದರೆ ಆಫ್‌ಸೆಟ್ ಸಾಕು. ಬಿಸಿ ಲೋಟದಲ್ಲಿ ಮಾತ್ರ ಜಾಸ್ತಿಯಾದರೆ ಬೀಟಾ ಹೊಂದುತ್ತಿಲ್ಲ ಅಂತ ಅರ್ಥ.

ಎಲ್ಲಿ ಹಾಕಬೇಕು? ನೀರು ಹರಿಯುವಲ್ಲಿ. ರೇಡಿಯೇಟರಿನ ಮೂಲೆಯಲ್ಲಿ ಖಾಲಿ ಪೋರ್ಟ್ ಇದೆ ಅಂತ ಅಲ್ಲಿ ತುರುಕಿದರೆ ನಿಂತ ನೀರಿನ ತಾಪ ಸಿಗುತ್ತದೆ, ಅದು ನಿಧಾನವಾಗಿ, ಅರೆಬರೆಯಾಗಿ ಹಿಂಬಾಲಿಸುತ್ತದೆ. ರಿಸರ್ವಾಯರಿನ (ನೀರು ತುಂಬಿಡುವ ಪುಟ್ಟ ತೊಟ್ಟಿಯ) ಪೋರ್ಟ್ ಪರವಾಗಿಲ್ಲ, ಅಲ್ಲಿ ನೀರು ಸುತ್ತುತ್ತಿರುತ್ತದೆ. ಎರಡೂ ಕಡೆ ಥ್ರೆಡ್ ಇದ್ದು ನೀರು ತನ್ನೊಳಗೇ ಹಾದುಹೋಗುವ ಇನ್‌ಲೈನ್ ಸೆನ್ಸರ್ ಎಲ್ಲಕ್ಕಿಂತ ಒಳ್ಳೆಯದು. ಲೂಪಿನಲ್ಲಿ ಬ್ಲಾಕಿಗೆ ಮೊದಲೋ ಆಮೇಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗಂಟೆಗೆ 120 ಲೀಟರ್ ಹರಿಯುವ ಲೂಪಿನಲ್ಲಿ 400 ವ್ಯಾಟ್ ಶಾಖ ಸೇರಿದರೆ ಅತಿ ಬಿಸಿ ಜಾಗಕ್ಕೂ ಅತಿ ತಂಪು ಜಾಗಕ್ಕೂ ವ್ಯತ್ಯಾಸ ಬರೀ ಮೂರು ಡಿಗ್ರಿ. 240 ಲೀಟರ್ ಹರಿದರೆ ಒಂದೂವರೆ.

ಎರಡನೇ ಸೆನ್ಸರ್ ಕೊಳ್ಳುವುದಾದರೆ ನೀರಿಗೆ ಇನ್ನೊಂದು ಬೇಡ, ಗಾಳಿಗೆ ಒಂದು ತನ್ನಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಲೆಕ್ಕದಲ್ಲಿ ಇಡೀ ವ್ಯವಸ್ಥೆಯಲ್ಲಿ ಕಾಸಿಗೆ ತಕ್ಕ ಕೆಲಸ ಮಾಡುವುದು ಇದೇ. ರೇಡಿಯೇಟರ್ ನೀರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆ 20 ಡಿಗ್ರಿ ಇರುವ ದಿನ ನೀರು 35 ಆದರೆ ಯಂತ್ರ ನಿಜಕ್ಕೂ ದುಡಿಯುತ್ತಿದೆ ಅಂತ. ಕೋಣೆಯೇ 33 ಇರುವ ದಿನ ನೀರು 35 ಇದ್ದರೆ ಅದು ಸುಮ್ನೆ ಕೂತಿದೆ ಅಂತ. 35 ಡಿಗ್ರಿಗೆ ಫ್ಯಾನು ಜೋರಾಗಲಿ ಎಂದು ಬರೆದಿಟ್ಟ ಕರ್ವ್ ಬಿಸಿ ದಿನ ಇಡೀ ಸುಮ್ಮನೆ ಕಿರುಚುತ್ತದೆ, ನೀರು ಮಾತ್ರ ಹೆಚ್ಚೇನೂ ಇಳಿಯುವುದಿಲ್ಲ.

ನೀರಿನ ತಾಪದಿಂದ ಗಾಳಿಯ ತಾಪ ಕಳೆದು, ಉಳಿದದ್ದಕ್ಕೆ ಫ್ಯಾನು ಕಟ್ಟಿದರೆ ಈ ರಗಳೆ ಇಲ್ಲ. ನನ್ನ ಯಂತ್ರದಲ್ಲಿ ವ್ಯತ್ಯಾಸ 5 ಡಿಗ್ರಿವರೆಗೆ ಫ್ಯಾನು 500 ಆರ್‌ಪಿಎಂ (ನಿಮಿಷಕ್ಕೆ 500 ಸುತ್ತು), 10 ಡಿಗ್ರಿಗೆ 900, 15 ದಾಟಿದರೆ ಪೂರ್ತಿ. ಗಾಳಿಯ ಸೆನ್ಸರನ್ನು ಗಾಳಿ ಒಳಗೆ ಬರುವ ರೇಡಿಯೇಟರಿನ ಮುಂದೆ, ಫ್ಯಾನಿನ ಹೀರುವ ಬದಿಗೆ ಸಿಕ್ಕಿಸಿ. ರೇಡಿಯೇಟರಿನ ರೆಕ್ಕೆಗೆ ತಾಗಬಾರದು, ತಾಗಿದರೆ ಅದು ನೀರಿನ ತಾಪವನ್ನೇ ಹೇಳುತ್ತದೆ.

ಈಗ ನೀರಿನ ಹರಿವು ಅಳೆಯುವ ಫ್ಲೋ ಮೀಟರ್. ಇದು ಬೇಕೇ ಬೇಕು ಅಂತಿಲ್ಲ, ಆದರೂ ನಾನು ಹಾಕುತ್ತೇನೆ. ಕಾರಣ ತಣಿಸುವುದಲ್ಲ, ಕಾವಲು. ಪಂಪಿನ ಆರ್‌ಪಿಎಂ ಇದೆಯಲ್ಲ ಸಾಕು ಅನ್ನಿಸಬಹುದು. ಸಾಲದು. ಬ್ಲಾಕಿನ ಸಣ್ಣ ಕಾಲುವೆಗಳಲ್ಲಿ ಕಸ ಕಟ್ಟಿಕೊಂಡರೂ ಪಂಪು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ನೀರಿಲ್ಲದೆ ಗಾಳಿ ಹೊಕ್ಕರಂತೂ ಹೊರೆ ಕಡಿಮೆಯಾಗಿ ಆರ್‌ಪಿಎಂ ಇನ್ನೂ ಮೇಲೇರುತ್ತದೆ! ಪರದೆಯ ಮೇಲೆ ಎಲ್ಲ ಚೆನ್ನಾಗಿದೆ ಅಂತ ಕಾಣುತ್ತದೆ. ನೀರು ಹರಿಯುತ್ತಿದೆಯೋ ಇಲ್ಲವೋ ಎಂದು ನೇರವಾಗಿ ಹೇಳುವುದು ಫ್ಲೋ ಮೀಟರ್ ಮಾತ್ರ.

ಸಾಮಾನ್ಯ ಫ್ಲೋ ಮೀಟರ್ ಅಂದರೆ ಒಳಗೊಂದು ಪುಟ್ಟ ಚಕ್ರ, ಅದರ ಅಯಸ್ಕಾಂತವನ್ನು ಎಣಿಸುವ ಹಾಲ್ ಸೆನ್ಸರ್. ಲೀಟರಿಗೆ ಇಷ್ಟು ಪಲ್ಸ್ ಎಂದು ಲೆಕ್ಕ. ಆಕ್ವಾಕಂಪ್ಯೂಟರ್ ಕಂಪನಿಯ ಹಳೆಯ ಹೈ ಫ್ಲೋ ಮೀಟರಿನಲ್ಲಿ ಲೀಟರಿಗೆ 169. ಇಂಥದ್ದನ್ನು ಮದರ್‌ಬೋರ್ಡಿನ ಫ್ಯಾನ್ ಹೆಡರಿಗೆ (ಫ್ಯಾನಿನ ವೈರು ಕೂರುವ ಪಿನ್ನುಗಳಿಗೆ) ಸಿಕ್ಕಿಸಿ ಆರ್‌ಪಿಎಂ ಥರ ಓದಬಹುದು ಅಂತ ಹಲವರು ಹೇಳುತ್ತಾರೆ. ಓದಬಹುದು, ಆದರೆ ಲೆಕ್ಕ ಹಾಕಿ ನೋಡಿ. ಗಂಟೆಗೆ 150 ಲೀಟರ್ ಅಂದರೆ ನಿಮಿಷಕ್ಕೆ 2.5 ಲೀಟರ್, ಸುಮಾರು 422 ಪಲ್ಸ್. ಫ್ಯಾನು ಒಂದು ಸುತ್ತಿಗೆ ಎರಡು ಪಲ್ಸ್ ಕೊಡುತ್ತದೆ ಎಂದು ಬೋರ್ಡು ನಂಬಿರುವುದರಿಂದ 211 ಆರ್‌ಪಿಎಂ ಎಂದು ತೋರಿಸುತ್ತದೆ. ಹರಿವು ಇನ್ನೂ ಇಳಿದರೆ ಕೆಲವು ಬೋರ್ಡುಗಳು ಅದನ್ನು ಸೊನ್ನೆ ಎಂದೇ ಎಣಿಸುತ್ತವೆ. ಬೋರ್ಡಿನಲ್ಲಿ ಫ್ಲೋ ಮೀಟರಿಗೆಂದೇ ಹೆಡರ್ ಇದ್ದರೆ ಅಥವಾ ಪಲ್ಸ್ ಲೆಕ್ಕ ತುಂಬಲು ಜಾಗ ಇರುವ ಕಂಟ್ರೋಲರ್ ಇದ್ದರೆ ಸರಿ.

ಸಂಖ್ಯೆ ಎಷ್ಟಿರಬೇಕು ಎಂಬ ಜಗಳಕ್ಕೆ ಕೊನೆಯಿಲ್ಲ. ಗಂಟೆಗೆ 100 ಲೀಟರಿಗಿಂತ ಮೇಲಿದ್ದರೆ ನಾನು ಚಿಂತೆ ಮಾಡುವುದಿಲ್ಲ. ನಾನು ನೋಡುವುದು ಬದಲಾವಣೆಯನ್ನು. ಅದೇ ಪಂಪು ವೇಗಕ್ಕೆ ಕಳೆದ ತಿಂಗಳು 150 ಇದ್ದದ್ದು ಈಗ 115 ಆಗಿದ್ದರೆ ಎಲ್ಲೋ ಏನೋ ಕಟ್ಟುತ್ತಿದೆ. ಒಮ್ಮೆ ಹೀಗೇ ಆಗಿ ಮೀಟರ್ ಬಿಚ್ಚಿದೆ. ಚಕ್ರದ ಎಲೆಗಳ ಮೇಲೆ ತೆಳ್ಳಗೆ ಬಿಳಿ ಪೊರೆ, ಬೆರಳಿಗೆ ಅಂಟಂಟು. ಮೆತ್ತನೆ ಟ್ಯೂಬಿನಿಂದ ಬಿಟ್ಟುಕೊಂಡ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸುವ ವಸ್ತು) ಅದು. ಬ್ಲಾಕ್ ಬಿಚ್ಚಿದರೆ ಅಲ್ಲೂ ಅದೇ. ತಾಪದಲ್ಲಿ ಇನ್ನೂ ಏನೂ ಗೊತ್ತಾಗಿರಲಿಲ್ಲ, ಮೀಟರ್ ಮೊದಲೇ ಹೇಳಿತ್ತು.

ಫ್ಲೋ ಮೀಟರ್ ಜೊತೆ ರೇಡಿಯೇಟರಿನ ಹಿಂದೆ ಮುಂದೆ ಎರಡು ಸೆನ್ಸರ್ ಇದ್ದರೆ ಎಷ್ಟು ಶಾಖ ಹೊರಹೋಗುತ್ತಿದೆ ಎಂದು ವ್ಯಾಟಿನಲ್ಲಿ ಲೆಕ್ಕ ಹಾಕಬಹುದು. ಗಂಟೆಗೆ ಎಷ್ಟು ಲೀಟರೋ ಅದನ್ನು ತಾಪದ ವ್ಯತ್ಯಾಸದಿಂದಲೂ 1.16ರಿಂದಲೂ ಗುಣಿಸಿ. 150 ಲೀಟರ್, 2.3 ಡಿಗ್ರಿ, ಸುಮಾರು 400 ವ್ಯಾಟ್. ಮಜವಾಗಿದೆ ಅಲ್ವಾ? ಆದರೆ ಸೆನ್ಸರ್ ಅರ್ಧ ಡಿಗ್ರಿ ತಪ್ಪಿದರೆ 87 ವ್ಯಾಟ್ ತಪ್ಪು. ಲೋಟದ ಪರೀಕ್ಷೆ ಮಾಡದವರು ಈ ಸಂಖ್ಯೆಯನ್ನು ಯಾರಿಗೂ ಹೇಳದಿರುವುದು ಒಳ್ಳೆಯದು. ಇದು ಶೋಕಿ, ಅಗತ್ಯ ಅಲ್ಲ.

ಇನ್ನು ಕಂಟ್ರೋಲರ್. ಮೊದಲು ನಿಮ್ಮ ಬೋರ್ಡಿನ ಕೈಪಿಡಿ ತೆಗೆದು ಎರಡು ಪಿನ್ನಿನ ತಾಪ ಸೆನ್ಸರ್ ಹೆಡರ್ ಇದೆಯಾ ನೋಡಿ. ಏಸಸ್, ಗಿಗಾಬೈಟ್‌ನ ಮೇಲ್ದರ್ಜೆಯ ಬೋರ್ಡು ಹಲವದರಲ್ಲಿ ಇರುತ್ತದೆ. ಇದ್ದರೆ ಬಯೋಸಿಗೆ, ಅಂದರೆ ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆಗೆ ಹೋಗಿ, ಫ್ಯಾನ್ ಕರ್ವಿನ ಮೂಲವಾಗಿ ಆ ಸೆನ್ಸರನ್ನು ಆರಿಸಲು ಬಿಡುತ್ತದಾ ನೋಡಿ. ಕೆಲವು ಬೋರ್ಡುಗಳಲ್ಲಿ ಸಿಪಿಯು ಫ್ಯಾನ್ ಹೆಡರ್ ಪ್ರೊಸೆಸರ್ ತಾಪಕ್ಕೇ ಅಂಟಿಕೊಂಡಿರುತ್ತದೆ, ಕ್ಯಾಬಿನೆಟ್ ಫ್ಯಾನಿನ ಹೆಡರುಗಳು ಮಾತ್ರ ಬೇರೆಯವರ ಮಾತು ಕೇಳುತ್ತವೆ. ಇಷ್ಟು ಸಿಕ್ಕರೆ ನಿಮಗೆ ಕಂಟ್ರೋಲರ್ ಬೇಕಾಗಿಯೇ ಇಲ್ಲ. ಸುಮ್ಮನೆ ಮೂಗಿಗಿಂತ ಮೂಗುತಿ ಭಾರ ಮಾಡಿಕೊಳ್ಳಬೇಡಿ.

ಒಂದು ಎಚ್ಚರಿಕೆ: ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ ತಡೆದುಕೊಳ್ಳುವುದು 1 ಆಂಪಿಯರ್. ಫ್ಯಾನು ತಲಾ 0.2 ಆಂಪಿಯರ್ ಎಳೆದರೆ ಆರಕ್ಕೆ 1.2 ಆಯಿತು, ಹೊರಡುವಾಗಿನ ಎಳೆತ ಬೇರೆ. ಆರನ್ನೂ ಸ್ಪ್ಲಿಟರ್ ಹಾಕಿ ಒಂದೇ ಹೆಡರಿಗೆ ಕಟ್ಟಿದ್ದರೆ ಇವತ್ತೇ ಬಿಚ್ಚಿ. ಪವರ್ ಸಪ್ಲೈಯ ಸಾಟಾ ವೈರಿನಿಂದ ವಿದ್ಯುತ್ ಪಡೆಯುವ ಫ್ಯಾನ್ ಹಬ್ ಸಿಗುತ್ತದೆ. ಅದು ಬೋರ್ಡಿನಿಂದ ವೇಗ ಎಷ್ಟಿರಬೇಕು ಎಂದು ಹೇಳುವ ಪಿಡಬ್ಲ್ಯೂಎಂ ಸಂಕೇತ ಮಾತ್ರ ತೆಗೆದುಕೊಳ್ಳುತ್ತದೆ. ಸಾಟಾ ಕನೆಕ್ಟರಿಗೂ ಮಿತಿಯಿದೆ, 12 ವೋಲ್ಟಿನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್. ಪಂಪನ್ನು ಅದೇ ವೈರಿಗೆ ಸೇರಿಸದೆ ಬೇರೆ ಕೇಬಲ್ಲಿನಿಂದ ಎಳೆಯಿರಿ.

ಬೋರ್ಡಿನಲ್ಲಿ ಸೆನ್ಸರ್ ಹೆಡರ್ ಇಲ್ಲ, ಅಥವಾ ಗಾಳಿ-ನೀರಿನ ವ್ಯತ್ಯಾಸ, ಫ್ಲೋ ಮೀಟರ್ ಎಲ್ಲ ಬೇಕು ಅಂದರೆ ಬೇರೆ ಕಂಟ್ರೋಲರ್ ತರಬೇಕು. ಆಕ್ವಾಕಂಪ್ಯೂಟರ್‌ನ ಕ್ವಾಡ್ರೊದಲ್ಲಿ ನಾಲ್ಕು ಫ್ಯಾನ್ ಚಾನೆಲ್, ನಾಲ್ಕು ತಾಪ ಸೆನ್ಸರ್, ಒಂದು ಫ್ಲೋ ಮೀಟರಿಗೆ ಜಾಗ ಇದೆ. ಆಕ್ಟೊದಲ್ಲಿ ಎಂಟು ಫ್ಯಾನ್ ಚಾನೆಲ್. ಕೋರ್ಸೇರ್‌ನ ಕಮಾಂಡರ್ ಪ್ರೊದಲ್ಲಿ ಆರು ಫ್ಯಾನು, ನಾಲ್ಕು ಸೆನ್ಸರ್. ನಿಮ್ಮ ಯಂತ್ರಕ್ಕೆ ಕ್ವಾಡ್ರೊದಂಥದ್ದು ಧಾರಾಳ ಸಾಕು. ಒಂದೊಂದು ರೇಡಿಯೇಟರಿನ ಮೂರು ಫ್ಯಾನಿಗೆ ಒಂದೊಂದು ಚಾನೆಲ್, ಕ್ಯಾಬಿನೆಟ್ ಫ್ಯಾನಿಗೆ ಒಂದು, ಪಂಪಿನ ಸಂಕೇತಕ್ಕೆ ಒಂದು. ಒಂಬತ್ತು ಫ್ಯಾನಿಗೆ ಒಂಬತ್ತು ಚಾನೆಲ್ ಯಾಕೆ?

ಚಾನೆಲ್ ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಫ್ಯಾನ್ ಕರ್ವ್ ಯಾರ ತಲೆಯಲ್ಲಿ ಇರುತ್ತದೆ? ಕಂಟ್ರೋಲರ್ ಪೆಟ್ಟಿಗೆಯೊಳಗಿನ ಚಿಪ್ಪಿನಲ್ಲೋ, ವಿಂಡೋಸಿನಲ್ಲಿ ಓಡುವ ಪ್ರೋಗ್ರಾಮಿನಲ್ಲೋ? ಇದನ್ನು ನಾನು ಪೆಟ್ಟು ತಿಂದು ಕಲಿತೆ. ಆಗ ನನ್ನಲ್ಲಿದ್ದ ಕಂಟ್ರೋಲರ್ ನೋಡಲು ಚೆಂದ, ಸಾಫ್ಟ್‌ವೇರ್ ಇನ್ನೂ ಚೆಂದ. ಒಂದು ರಾತ್ರಿ ವಿಡಿಯೊ ರೆಂಡರ್ ಹಾಕಿ ಮಲಗಿದೆ. ನಡುರಾತ್ರಿ ಯಾವಾಗಲೋ ಆ ಪ್ರೋಗ್ರಾಂ ಹ್ಯಾಂಗ್ ಆಗಿ ನಿಂತುಬಿಟ್ಟಿತ್ತು. ಪೆಟ್ಟಿಗೆ ಕೊನೆಯದಾಗಿ ಕೇಳಿದ ಮಾತನ್ನೇ ಪಾಲಿಸುತ್ತಾ ಫ್ಯಾನುಗಳನ್ನು 30 ಶೇಕಡಾದಲ್ಲಿ ಓಡಿಸುತ್ತಿತ್ತು. ಬೆಳಿಗ್ಗೆ ನೋಡಿದರೆ ನೀರು 54 ಡಿಗ್ರಿ, ರಿಸರ್ವಾಯರ್ ಮುಟ್ಟಿದರೆ ಕೈ ಹಿಂದೆ ಬರುತ್ತಿತ್ತು. ಪಂಪಿನ ಪಕ್ಕದ ಟ್ಯೂಬು ಹಿಸುಕಿದರೆ ಬೆಂದ ಹುರುಳಿಕಾಯಿಯ ಹಾಗೆ ಮೆತ್ತಗೆ. ಏನೂ ಸೋರಿರಲಿಲ್ಲ, ನನ್ನ ಪುಣ್ಯ.

ಅಂದಿನಿಂದ ಯಾವ ಕಂಟ್ರೋಲರ್ ಬಂದರೂ ಒಂದು ಪರೀಕ್ಷೆ ಮಾಡುತ್ತೇನೆ. ಕರ್ವ್ ಬರೆದು ಉಳಿಸಿ, ಟಾಸ್ಕ್ ಮ್ಯಾನೇಜರಿನಿಂದ ಅದರ ಪ್ರೋಗ್ರಾಮನ್ನೂ ಸರ್ವಿಸನ್ನೂ ಸಾಯಿಸುತ್ತೇನೆ. ಆಮೇಲೆ ಸೆನ್ಸರನ್ನು ಬಿಸಿ ನೀರಿನ ಲೋಟಕ್ಕೆ ಇಳಿಬಿಡುತ್ತೇನೆ. ಫ್ಯಾನು ಏರಿದರೆ ಪೆಟ್ಟಿಗೆಗೆ ಸ್ವಂತ ಬುದ್ಧಿ ಇದೆ. ಏರದಿದ್ದರೆ ಅದು ಬರೀ ಬಾಲ. ಕ್ವಾಡ್ರೊ, ಆಕ್ಟೊಗಳಲ್ಲಿ ಪೆಟ್ಟಿಗೆಗೇ ಸಿಕ್ಕಿಸಿದ ಸೆನ್ಸರಿಗೆ ಕಟ್ಟಿದ ಕರ್ವ್ ಒಳಗೇ ಉಳಿಯುತ್ತದೆ, ಕಂಪ್ಯೂಟರ್ ಏನಾದರೂ ಆಗಲಿ. ಪ್ರೊಸೆಸರ್ ತಾಪದಂಥ ಸಾಫ್ಟ್‌ವೇರ್ ಸೆನ್ಸರಿಗೆ ಕಟ್ಟಿದರೆ ಮಾತ್ರ ಪ್ರೋಗ್ರಾಂ ಓಡುತ್ತಿರಬೇಕು. ಗಾಳಿ-ನೀರಿನ ಕಳೆಯುವ ಲೆಕ್ಕವನ್ನೂ ಕೆಲವು ಕಂಟ್ರೋಲರ್‌ಗಳು ಕಂಪ್ಯೂಟರಿಗೆ ಬಿಡುತ್ತವೆ. ಹಾಗಿದ್ದಲ್ಲಿ ಸಂಕೇತ ನಿಂತರೆ ಫ್ಯಾನು ಯಾವ ವೇಗಕ್ಕೆ ಹೋಗಬೇಕು ಎಂದು ಬರೆಯುವ ಜಾಗ ಹುಡುಕಿ, 70 ಶೇಕಡಾದ ಮೇಲೆ ಇಡಿ.

ಲಿನಕ್ಸ್ ಬಳಸುವವರಾದರೆ ಕೊಳ್ಳುವ ಮುನ್ನ ಇನ್ನೂ ಒಂದು ನೋಡಬೇಕು. ಕಮಾಂಡರ್ ಪ್ರೊಗೆ ಕರ್ನಲ್ 5.9ರಿಂದಲೇ ಡ್ರೈವರ್ ಇದೆ. ಆಕ್ವಾಕಂಪ್ಯೂಟರ್‌ನ ಡಿ5 ನೆಕ್ಸ್ಟ್ ಪಂಪಿಗೆ 5.15ರಲ್ಲಿ ಬಂತು, ಆಮೇಲೆ ಅದೇ ಡ್ರೈವರಿಗೆ ಆಕ್ಟೊ, ಕ್ವಾಡ್ರೊ ಸೇರಿಕೊಂಡವು. ಕಂಪನಿಯ ಸ್ವಂತ ಸಾಫ್ಟ್‌ವೇರ್ ಮಾತ್ರ ವಿಂಡೋಸಿಗೇ.

ಎಲೆಕ್ಟ್ರಾನಿಕ್ಸ್ ಹುಚ್ಚಿದ್ದರೆ ಆರ್ಡುಯಿನೊ ಎಂಬ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಬೋರ್ಡಿನಲ್ಲಿ ನೀವೇ ಮಾಡಬಹುದು. ಒಂದು 10ಕೆ ರೆಸಿಸ್ಟರ್, ಒಂದು ಥರ್ಮಿಸ್ಟರ್, ನಡುವಿನ ವೋಲ್ಟೇಜ್ ಓದಿದರೆ ತಾಪ ಸಿಕ್ಕಿತು. ಎಡವುವುದು ಪಿಡಬ್ಲ್ಯೂಎಂನಲ್ಲಿ. ನಾಲ್ಕು ಪಿನ್ನಿನ ಫ್ಯಾನುಗಳಿಗೆ 25 ಕಿಲೋಹರ್ಟ್ಸ್ ಬೇಕು, ಆರ್ಡುಯಿನೊ ತಾನಾಗಿ ಕೊಡುವುದು ಸುಮಾರು 490 ಹರ್ಟ್ಸ್. ಹಾಗೇ ಬಿಟ್ಟರೆ ಫ್ಯಾನು ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಟೈಮರ್ 1 ಅನ್ನು ಫೇಸ್ ಕರೆಕ್ಟ್ ಮೋಡಿನಲ್ಲಿ 320ರವರೆಗೆ ಎಣಿಸುವಂತೆ ಮಾಡಿದರೆ 16 ಮೆಗಾಹರ್ಟ್ಸ್ ಚಿಪ್ಪಿನಲ್ಲಿ ಸರಿಯಾಗಿ 25 ಕಿಲೋಹರ್ಟ್ಸ್ ಬರುತ್ತದೆ. ಕಲಿಯಲು ಚೆನ್ನ, ಆದರೆ ದಿನವೂ ಕೆಲಸಕ್ಕೆ ಬೇಕಾದ ಯಂತ್ರಕ್ಕೆ ನಾನಿದನ್ನು ಹಾಕಲಾರೆ.

ಪಂಪಿಗೆ ಕರ್ವ್ ಬೇಡ. ಸದ್ದು ಕಿವಿಗೆ ಬೀಳದ ವೇಗ ಯಾವುದೋ ನೋಡಿ ಅಲ್ಲೇ ನಿಲ್ಲಿಸಿ. ಅದರ ಆರ್‌ಪಿಎಂ ವೈರನ್ನು ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ ಕೊಡಿ. ಪಂಪು ತಿರುಗದಿದ್ದರೆ ಬೂಟ್ ಆಗುವಾಗಲೇ ಬೋರ್ಡು ಗಲಾಟೆ ಮಾಡುತ್ತದೆ. ಪಿಡಬ್ಲ್ಯೂಎಂ ವೈರು ಕಳಚಿದರೆ ನಿಮ್ಮ ಡಿ5 ಏನು ಮಾಡುತ್ತದೆ ಎಂದು ಒಮ್ಮೆ ಕಳಚಿಯೇ ನೋಡಿ. ಕೆಲವು ಪೂರ್ತಿ ವೇಗಕ್ಕೆ ಹೋಗುತ್ತವೆ, ಕೆಲವು ಮಧ್ಯಮ ವೇಗದಲ್ಲಿ ನಿಲ್ಲುತ್ತವೆ.

ಎಚ್ಚರಿಕೆಯ ಗಂಟೆಯನ್ನು ನಾನು ಇಡುವುದು ನೀರು 45 ಆದಾಗ, ಯಂತ್ರ ಆರುವುದು 52ಕ್ಕೆ. ಡಿ5 ಪಂಪಿನ ಮಿತಿಯೇ 60 ಡಿಗ್ರಿ, ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಗಟ್ಟಿ ಟ್ಯೂಬು ಅದರ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ಹರಿವು ಗಂಟೆಗೆ 50 ಲೀಟರಿಗಿಂತ ಕೆಳಗೆ ಹತ್ತು ಸೆಕೆಂಡು ನಿಂತರೂ ಆರಲಿ. ಸಮಯ ಕೊಡದೆ ಇಟ್ಟರೆ ಒಂದು ಗಾಳಿಗುಳ್ಳೆ ಹಾದುಹೋದರೂ ಯಂತ್ರ ಆರಿಹೋಗುತ್ತದೆ, ಅದೂ ಅನುಭವವೇ.

ಈಗ ನಿಮ್ಮ ಕೆಲಸ. ಬೋರ್ಡಿನಲ್ಲಿ ಹೆಡರ್ ಇದ್ದರೆ ನೀರಿನ ಸೆನ್ಸರ್ ಒಂದನ್ನೇ ತಂದು ಎರಡು ವಾರ ಬಳಸಿ. ತೃಪ್ತಿಯಾಗದಿದ್ದರೆ ಕ್ವಾಡ್ರೊ ಥರದ್ದು, ಜೊತೆಗೆ ಗಾಳಿಯ ಸೆನ್ಸರ್. ಫ್ಲೋ ಮೀಟರನ್ನು ಮುಂದಿನ ಸಲ ನೀರು ಬದಲಿಸುವಾಗ ಹಾಕಿ, ಅದಕ್ಕೋಸ್ಕರ ಈಗ ಲೂಪ್ ಬಿಚ್ಚಬೇಡಿ. ಕಂಟ್ರೋಲರ್ ಆರ್ಡರ್ ಮಾಡುವ ಮೊದಲು ಅದನ್ನು ಸಿಕ್ಕಿಸಲು ಬೋರ್ಡಿನ ಒಳಗಿನ ಒಂಬತ್ತು ಪಿನ್ನಿನ ಯುಎಸ್‌ಬಿ 2 ಹೆಡರ್ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ಒಂದೋ ಎರಡೋ ಇರುತ್ತವೆ, ಲೈಟಿಂಗ್ ಪೆಟ್ಟಿಗೆಯೊಂದು ಆಗಲೇ ಹಿಡಿದುಕೊಂಡಿರುತ್ತದೆ. ಕರ್ವ್ ಬದಲಿಸಿದಾಗಲೆಲ್ಲ ಭಾರದ ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಐದು ನಿಮಿಷಕ್ಕೆ ಕಾಣುವ ಸಂಖ್ಯೆ ನೀರು ಇನ್ನೂ ಏರುತ್ತಿರುವಾಗಿನದ್ದು.